ಅಪ್‌ಡೇಟ್: ಹಿತ್ತಲ ಕೊಳದ ಬಿರುಕು ಕೊನೆಗೂ ಸಿಕ್ಕಿತು

ಬನಶಂಕರಿಯ ನಮ್ಮ ಮನೆ ಹಿತ್ತಲಿನ ಸಿಮೆಂಟ್ ಕೊಳದಲ್ಲಿ ದಿನಕ್ಕೆ 2 ಇಂಚು ನೀರು ಇಳಿಯುತ್ತಿದೆ, ಬಿಸಿಲಿಗೆ ಆರುತ್ತಿದೆಯೋ ಸೋರುತ್ತಿದೆಯೋ ಎಂದು ಕೇಳಿದ್ದೆ. ಸೋರಿಕೆಯೇ. ಬಕೆಟ್ ಪರೀಕ್ಷೆ ಹೇಳಿದವರಿಗೆ ಥ್ಯಾಂಕ್ಸ್. ನೀರು ತುಂಬಿದ ಬಕೆಟ್ಟನ್ನು ಕೊಳದೊಳಗೇ ಇಟ್ಟು ಎರಡಕ್ಕೂ ಗುರುತು ಹಾಕಿದೆ. 24 ಗಂಟೆಯಲ್ಲಿ ಬಕೆಟ್‌ನಲ್ಲಿ ಕಾಲು ಇಂಚು, ಕೊಳದಲ್ಲಿ ಅದೇ 2 ಇಂಚು.

ಪಂಪ್ ನಿಲ್ಲಿಸಿದರೂ ಇಳಿಯುತ್ತಲೇ ಇತ್ತು, ಅಂದರೆ ಸೋರಿಕೆ ಪಂಪ್‌ನ ಪೈಪಿನಲ್ಲಲ್ಲ, ಕೊಳದಲ್ಲೇ. ಹಾಗಾಗಿ ನೀರು ತುಂಬಿಸದೆ ಸುಮ್ನೆ ಬಿಟ್ಟೆ. ನಾಲ್ಕನೇ ದಿನ ಒಂದು ಮಟ್ಟಕ್ಕೆ ಬಂದು ನಿಂತಿತು, ಅಂದರೆ ಬಿರುಕು ಇರುವುದು ಆ ಮಟ್ಟದಲ್ಲೇ. ಅದಕ್ಕಿಂತ ಒಂದಿಂಚು ಮೇಲಕ್ಕೆ ನೀರು ತುಂಬಿಸಿ, ಗೋಡೆಯುದ್ದಕ್ಕೂ ಹನಿ ಹನಿ ಹಾಲು ಬಿಡುತ್ತಾ ಹೋದೆ. "ನಾಗರಪಂಚಮಿ ಈಗಲೇ ಬಂತೇನೋ?" ಎಂದು ಅಮ್ಮ ನಕ್ಕರು. ಮೂಲೆಯೊಂದರಲ್ಲಿ ಹಾಲು ದಾರದ ಹಾಗೆ ಗೋಡೆಯೊಳಗೆ ಎಳೆದುಕೊಂಡಿತು. ಕೂದಲೆಳೆಯಷ್ಟು ಬಿರುಕು, ಅಷ್ಟೇ!

ಮೀನುಗಳನ್ನು ಟಬ್‌ಗೆ ಹಾಕಿ, ಬಿರುಕನ್ನು ಉಳಿಯಿಂದ ಅಗಲ ಮಾಡಿ, ವಾಟರ್‌ಪ್ರೂಫಿಂಗ್ ದ್ರಾವಣ ಬೆರೆಸಿದ ಸಿಮೆಂಟ್ ತುಂಬಿದೆ. 7 ದಿನ ಕ್ಯೂರಿಂಗ್, ಅಂದರೆ ಸಿಮೆಂಟ್ ಗಟ್ಟಿಯಾಗಲು ಅದನ್ನು ಒದ್ದೆಯಾಗಿಟ್ಟೆ. ಹೊಸ ಸಿಮೆಂಟ್ ಬಿಡುವ ಸುಣ್ಣ ಮೀನಿಗೆ ಆಗುವುದಿಲ್ಲ, ಅದಕ್ಕೇ ಎರಡು ಸಲ ನೀರು ತುಂಬಿಸಿ ಖಾಲಿ ಮಾಡಿದೆ. ಕಾವೇರಿ ನೀರಿನಲ್ಲಿ ಕ್ಲೋರಿನ್ ಬೇರೆ ಇರುತ್ತದೆ ಅಲ್ವಾ, ಅದು ಹೋಗಲಿ ಎಂದು ಇನ್ನೂ ಎರಡು ದಿನ ಕಾದೆ.

ಈಗ ಕೊಳ, ಬಕೆಟ್ ಎರಡೂ ಒಂದೇ ಸಮ ಇಳಿಯುತ್ತಿವೆ.