ಸಂಕೋಚ ಸ್ವಭಾವದವರ ಮೊದಲ ವರ್ಷ: ನೀವು ಹೇಗೆ ಹೊಂದಿಕೊಂಡಿರಿ?

ಕೇಳಿದವರು:

ನಾನು ಕೆ.ಆರ್. ಪೇಟೆ ತಾಲ್ಲೂಕಿನ ಹಳ್ಳಿಯವನು. ತಾಲ್ಲೂಕು ಕೇಂದ್ರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಬಿ.ಎಸ್ಸಿ. ಮುಗಿಸಿ, ಈ ವರ್ಷ ಮೈಸೂರಿನ ಮಾನಸಗಂಗೋತ್ರಿಯಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ.ಗೆ ಸೇರಿದ್ದೇನೆ. ಮೊದಲಿನಿಂದಲೂ ನನ್ನದು ಮಾತು ಕಡಿಮೆ. ತರಗತಿಯಲ್ಲಿ ಕೊನೆಯ ಬೆಂಚು, ಮೆಸ್ಸಿನಲ್ಲಿ ಒಬ್ಬನದೇ ಊಟ; ಶನಿವಾರ ಬಂತೆಂದರೆ ಊರಿನ ಬಸ್ಸು ಹತ್ತುತ್ತೇನೆ. ಮುಂದಿನ ತಿಂಗಳು ಇಂಗ್ಲಿಷಿನಲ್ಲಿ ಸೆಮಿನಾರ್ ಕೊಡಬೇಕು. ಅದನ್ನು ನೆನೆದರೆ ಎದೆ ಡವಗುಟ್ಟುತ್ತದೆ. ಇಂಥ ಸ್ವಭಾವದವರು ಮೊದಲ ವರ್ಷವನ್ನು ಹೇಗೆ ದಾಟಿದಿರಿ ಎಂಬುದನ್ನು ದಯವಿಟ್ಟು ತಿಳಿಸಿ.

ಧಾರವಾಡದಲ್ಲಿ ಓದಿದ ಒಬ್ಬರು:

ನಾನು ಶಿರಸಿ ಕಡೆಯವಳು. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ನಿಮ್ಮದೇ ವಿಷಯ ಓದಿ ಈಗ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದೇನೆ. ಮಾತುಗಾರರಾಗಬೇಕೆಂದು ಹಟ ಹಿಡಿಯಬೇಡಿ, ಅದರ ಅಗತ್ಯವಿಲ್ಲ. ನಮ್ಮಂಥವರಿಗೆ ಎಲ್ಲಕ್ಕಿಂತ ಕಷ್ಟವಾದದ್ದು ಕಾರಣವಿಲ್ಲದೆ ಮಾತು ಆರಂಭಿಸುವುದು. ಆದ್ದರಿಂದ ಮಾತಿಗೆ ಕಾರಣ ತಾನಾಗಿಯೇ ಒದಗುವ ಕೆಲಸದಲ್ಲಿ, ಅದೇ ನಾಲ್ಕು ಮಂದಿಯ ನಡುವೆ ದಿನವೂ ಇರುವಂತೆ ನೋಡಿಕೊಂಡರೆ ಅರ್ಧ ಭಾರ ಇಳಿಯುತ್ತದೆ.

ನಿಮ್ಮ ಪ್ರಯೋಗಾಲಯವೇ ಅಂಥ ಜಾಗ. ಇ.ಡಿ.ಟಿ.ಎ. ಟೈಟ್ರೇಷನ್ (ದ್ರಾವಣದಲ್ಲಿರುವ ಲೋಹದ ಪ್ರಮಾಣವನ್ನು ಅಳೆಯುವ ಪ್ರಯೋಗ) ಮಾಡುವಾಗ, ಬ್ಯುರೆಟ್ಟೆಂಬ ಅಳತೆಯ ಕೊಳವೆಯಿಂದ ಹನಿ ಹನಿಯಾಗಿ ಬಿಡುತ್ತಾ, ಫ್ಲಾಸ್ಕಿನ ಕೆಂಪು ದ್ರಾವಣ ನೀಲಿಗೆ ತಿರುಗುವ ಗಳಿಗೆಯನ್ನು ಕಾಯುತ್ತಾ ನಿಂತವರು ಪಕ್ಕದವರ ರೀಡಿಂಗ್ ಎಷ್ಟು ಬಂತೆಂದು ಕೇಳಿಯೇ ಕೇಳುತ್ತಾರೆ. ನನ್ನ ಪಕ್ಕದಲ್ಲಿ ವಿಜಯಪುರ ಕಡೆಯ ಹುಡುಗಿಯೊಬ್ಬಳು ನಿಲ್ಲುತ್ತಿದ್ದಳು. ಬಹಳ ಕಾಲ ನಮ್ಮ ಮಾತುಕತೆ ರೀಡಿಂಗಿನಾಚೆಗೆ ಹೋಗಲೇ ಇಲ್ಲ, ಹಾಗೆ ಹೋಗಬೇಕೆಂದು ನಾವಿಬ್ಬರೂ ಬಯಸಲೂ ಇಲ್ಲ. ಒಂದು ದಿನ ಅವಳು ಊರಿನಿಂದ ತಂದ ಖಡಕ್ ರೊಟ್ಟಿ, ಶೇಂಗಾ ಹಿಂಡಿಯನ್ನು ನನ್ನ ಮುಂದೆ ಇಟ್ಟು ‘ತಗೋರಿ’ ಎಂದಳು. ಆ ವೇಳೆಗೆ ನಾವು ಆಗಲೇ ಗೆಳತಿಯರಾಗಿಬಿಟ್ಟಿದ್ದೆವು. ಮೆಸ್ಸಿಗೂ ದಿನವೂ ಒಂದೇ ಹೊತ್ತಿಗೆ ಹೋಗಿ, ಒಂದೇ ಮೇಜಿನಲ್ಲಿ ಕುಳಿತು ನೋಡಿ. ಅದೇ ಹೊತ್ತಿಗೆ ಬರುವ ಇತರರ ಮುಖಗಳು ಪರಿಚಯವಾಗುತ್ತವೆ.

ಇನ್ನು ಸೆಮಿನಾರಿನ ಮಾತು. ಸಂಕೋಚದವರಿಗೆ ಅದು ಮಿಕ್ಕವರಿಗಿಂತ ಅನುಕೂಲಕರವೆಂದೇ ನನ್ನ ಅಭಿಪ್ರಾಯ, ಏಕೆಂದರೆ ಇಲ್ಲಿ ಏನು ಹೇಳಬೇಕೆಂಬುದನ್ನು ಮೊದಲೇ ತೀರ್ಮಾನಿಸಬಹುದು. ಕ್ಯಾಂಟೀನಿನ ಹರಟೆಯಲ್ಲಿ ಆ ಸೌಕರ್ಯ ಸಿಗುವುದಿಲ್ಲ. ಮೊದಲ ನಾಲ್ಕೈದು ವಾಕ್ಯಗಳನ್ನು ನಿಮ್ಮ ಕೈಯಾರೆ ಚಿಕ್ಕ ಚಿಕ್ಕ ಇಂಗ್ಲಿಷ್ ವಾಕ್ಯಗಳಲ್ಲಿ ಬರೆದು ಬಾಯಿಪಾಠ ಮಾಡಿ. ಉಳಿದದ್ದನ್ನು ಬಾಯಿಪಾಠ ಮಾಡಬೇಡಿ, ಒಂದು ಪದ ಮರೆತರೆ ಎಲ್ಲವೂ ನಿಂತುಹೋಗುತ್ತದೆ. ಆ ವಾಕ್ಯಗಳು ಮುಗಿಯುತ್ತಿದ್ದಂತೆ ಬೋರ್ಡಿನತ್ತ ತಿರುಗಿ ಕ್ರಿಯೆಯ ಮೆಕ್ಯಾನಿಸಂ ಬರೆಯಲು ಆರಂಭಿಸಿ. ಎಲೆಕ್ಟ್ರಾನ್ ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ಬಾಣ ಎಳೆಯುವಾಗ ಕೈಗೆ ಕೆಲಸವಿರುತ್ತದೆ, ಕೇಳುವವರ ಕಣ್ಣು ನಿಮ್ಮನ್ನು ಬಿಟ್ಟು ಬೋರ್ಡಿನ ಮೇಲಿರುತ್ತದೆ, ಅಷ್ಟರಲ್ಲಿ ಉಸಿರಾಟವೂ ಹದಕ್ಕೆ ಬರುತ್ತದೆ. ಅದಕ್ಕೂ ಮುನ್ನ, ಸಂಜೆ ತರಗತಿ ಖಾಲಿಯಾದ ಮೇಲೆ ಒಬ್ಬ ಸ್ನೇಹಿತನನ್ನು ಕೊನೆಯ ಬೆಂಚಿನಲ್ಲಿ ಕೂರಿಸಿ ಪೂರ್ತಿ ಹೇಳಿ ನೋಡಿ. ಅವನಿಗೆ ಕೇಳಿಸಿದರೆ ಸಾಕು. ಪ್ರಶ್ನೆಗೆ ಉತ್ತರ ತಿಳಿಯದಿದ್ದರೆ ಓದಿಕೊಂಡು ಬಂದು ಹೇಳುತ್ತೇನೆ ಎನ್ನಿ ಮತ್ತು ಮರುವಾರ ನಿಜವಾಗಿಯೂ ಹೋಗಿ ಹೇಳಿ. ಅಧ್ಯಾಪಕರು ಅದನ್ನು ನೆನಪಿಟ್ಟುಕೊಳ್ಳುತ್ತಾರೆ.

ಮಾನಸಗಂಗೋತ್ರಿಯ ಹಳೆಯ ವಿದ್ಯಾರ್ಥಿ:

ನಿಮ್ಮ ಪತ್ರದಲ್ಲಿ ನನಗೆ ಚಿಂತೆ ಹುಟ್ಟಿಸಿದ್ದು ಶನಿವಾರದ ಬಸ್ಸು. ಹಾಸ್ಟೆಲಿನಲ್ಲಿ ಸ್ನೇಹ ಬೆಳೆಯುವುದು ಭಾನುವಾರವೇ: ಬಟ್ಟೆ ಒಗೆಯುವ ಕಲ್ಲಿನ ಬಳಿ, ತಡವಾದ ತಿಂಡಿಯ ಹೊತ್ತಿನಲ್ಲಿ, ಸಂಜೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆಯುವಾಗ. ಪ್ರತಿವಾರವೂ ಊರಿಗೆ ಹೋಗುವವರು ಸೋಮವಾರ ಮತ್ತೆ ಹೊಸಬರಾಗಿಯೇ ಬರುತ್ತಾರೆ. ಮನೆಯವರಿಗೆ ತಿಳಿಸಿ, ಒಂದು ವಾರ ಬಿಟ್ಟು ಒಂದು ವಾರ ಮಾತ್ರ ಹೋಗಿ. ಕೆರೆಯ ದಂಡೆಯಲ್ಲಿ ಜೊತೆಗೆ ನಡೆಯುವವರು ಮಾತಾಡದಿದ್ದರೂ ಯಾರಿಗೂ ಮುಜುಗರವಾಗದು, ಎಲ್ಲರ ನೋಟವೂ ನೀರು, ಹಕ್ಕಿಗಳ ಕಡೆಗಿರುತ್ತದೆ.

ಶಿವಮೊಗ್ಗದಿಂದ ಒಬ್ಬರು:

ನನ್ನದು ಪದವಿಯ ಮೊದಲ ವರ್ಷದ ಅನುಭವ. 1969ರಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯಲ್ಲಿ, ಅಂದರೆ ಎನ್.ಎಸ್.ಎಸ್.ನಲ್ಲಿ, ಸ್ವಯಂಸೇವಕರು 2 ವರ್ಷಗಳಲ್ಲಿ 240 ಗಂಟೆ ಕೆಲಸ ಮಾಡಬೇಕು. ಅದರ ಜೊತೆಗೆ ಹಳ್ಳಿಯಲ್ಲಿ 7 ದಿನಗಳ ವಿಶೇಷ ಶಿಬಿರವಿರುತ್ತದೆ. ಬೆಳಿಗ್ಗೆ ಶ್ರಮದಾನ, ಸರದಿಯ ಮೇಲೆ ಅಡುಗೆ, ರಾತ್ರಿ ಶಾಲೆಯ ಜಗಲಿಯಲ್ಲಿ ಸಾಲಾಗಿ ಮಲಗುವುದು. ನೂರು ಜನರ ಸಾಂಬಾರಿಗೆ ಈರುಳ್ಳಿ ಹೆಚ್ಚಲು ಕೂತವರ ನಡುವೆ ಸಂಕೋಚ ಬಹಳ ಹೊತ್ತು ಉಳಿಯುವುದಿಲ್ಲ. ನಿಮ್ಮ ಕ್ಯಾಂಪಸ್ಸಿನಲ್ಲಿ ಅವಕಾಶವಿದ್ದರೆ ಸೇರಿಕೊಳ್ಳಿ.

ಅಧ್ಯಾಪಕರೊಬ್ಬರು:

ಮೌನವಾಗಿ ಕೂರುವ ವಿದ್ಯಾರ್ಥಿಯನ್ನು ನಾವು ದಡ್ಡನೆಂದು ತಿಳಿಯುವುದಿಲ್ಲ, ಆದರೆ ಅವನಿಗೆ ಏನು ಅರ್ಥವಾಗಿಲ್ಲವೆಂಬುದು ನಮಗೆ ತಿಳಿಯುವುದೂ ಇಲ್ಲ. ತರಗತಿಯಲ್ಲಿ ಕೈ ಎತ್ತಲಾಗದಿದ್ದರೆ ಪಾಠ ಮುಗಿದ ಮೇಲೆ ಛೇಂಬರಿಗೆ ಬನ್ನಿ, ಪ್ರಶ್ನೆಯನ್ನು ಚೀಟಿಯಲ್ಲಿ ಬರೆದುಕೊಂಡೇ ಬನ್ನಿ, ಕನ್ನಡದಲ್ಲೇ ಕೇಳಿ. ಸೆಮಿನಾರಿನ ಕರಡನ್ನು ಒಂದು ವಾರ ಮೊದಲೇ ತೋರಿಸಿದರೆ ನಾವು ಸಂತೋಷದಿಂದ ತಿದ್ದುತ್ತೇವೆ. ಕೊನೆಯ ಬೆಂಚಿನಿಂದ ಮೂರನೆಯ ಸಾಲಿನ ಅಂಚಿಗಾದರೂ ಬನ್ನಿ.

ಸಂಕೋಚ ಬೇರೆ, ರ‍್ಯಾಗಿಂಗ್ ಬೇರೆ. ಸೀನಿಯರ್‌ಗಳ ಕೀಟಲೆಗೆ ಹೆದರಿ ನೀವು ಮೆಸ್ಸಿಗೆ ಒಬ್ಬರೇ ಹೋಗುತ್ತಿದ್ದರೆ ಅದನ್ನು ಸ್ವಭಾವದ ದೋಷವೆಂದು ನುಂಗಿಕೊಳ್ಳಬೇಡಿ, ಯು.ಜಿ.ಸಿ.ಯ 2009ರ ನಿಯಮಾವಳಿಯ ಪ್ರಕಾರ ಅದು ಶಿಕ್ಷಾರ್ಹ, ದೂರಿಗೆ 1800-180-5522 ಸಂಖ್ಯೆಯಿದೆ. ಹಾಗೆಯೇ ಹಲವು ವಾರ ನಿದ್ದೆ ಬಾರದೆ, ಊಟ ಸೇರದೆ, ತರಗತಿಗೆ ಹೋಗಲೂ ಮನಸ್ಸಾಗದಿದ್ದರೆ ಒಬ್ಬರೇ ತಡೆದುಕೊಂಡು ಕೂರಬೇಡಿ. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ-ಮಾನಸ್ ಸಹಾಯವಾಣಿ 14416 ಹಗಲಿರುಳೂ ಇದೆ, ಶುಲ್ಕವಿಲ್ಲ, ಕನ್ನಡದಲ್ಲೇ ಮಾತನಾಡಬಹುದು.