ಸಹಾಯ ಬೇಕು: ಉದ್ದ ಪದದಲ್ಲಿ ಚಿಕ್ಕ ಪದ ಹುಡುಕುವಾಗ ಒತ್ತಕ್ಷರ ಒಡೆದುಹೋಗುತ್ತಿದೆ

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯಲ್ಲಿ ಹೈಸ್ಕೂಲ್ ಕನ್ನಡ ಮೇಷ್ಟ್ರು. ಮಕ್ಕಳಿಗೆ ಒಂದು ಉದ್ದ ಪದ ಕೊಟ್ಟು, ಅದರ ಅಕ್ಷರಗಳನ್ನೇ ಅದಲು ಬದಲು ಮಾಡಿ ಚಿಕ್ಕ ಪದ ಕಟ್ಟಿಸುತ್ತೇನೆ. ಉತ್ತರ ತಾಳೆ ನೋಡಲು ಪೈಥಾನ್‌ನಲ್ಲಿ ಸಣ್ಣ ಪ್ರೋಗ್ರಾಂ ಬರೆದಿದ್ದೇನೆ. ಪದಪಟ್ಟಿ ಅಲರ್ ನಿಘಂಟಿನದು, ಅದರಲ್ಲಿ ತೊಂದರೆ ಇಲ್ಲ.

ತೊಂದರೆ ಅಕ್ಷರ ಬಿಡಿಸುವಲ್ಲಿ. ‘ಚಿತ್ರದುರ್ಗ’ದಲ್ಲಿ ನಮ್ಮ ಲೆಕ್ಕಕ್ಕೆ 4 ಅಕ್ಷರ: ಚಿ, ತ್ರ, ದು, ರ್ಗ. ಯುನಿಕೋಡ್ (ಕಂಪ್ಯೂಟರ್ ಅಕ್ಷರಗಳನ್ನು ಗುರುತಿಸುವ ಸಂಕೇತ ಪದ್ಧತಿ) ಲೆಕ್ಕಕ್ಕೆ 10. ಗುಡಿಸು, ಕೊಂಬು ಎಲ್ಲ ಬೇರೆ ಬೇರೆ. ಹಾಗಾಗಿ ದು-ವಿನ ಕೊಂಬು ಕಿತ್ತು ಗ-ಕ್ಕೆ ಹಾಕಿ, ‘ಗುರಿ’ ಕೂಡ ಸರಿ ಅನ್ನುತ್ತದೆ!

ಆಮೇಲೆ ರೆಜೆಕ್ಸ್ (ಪಠ್ಯದಲ್ಲಿ ಮಾದರಿ ಹುಡುಕುವ ಸೂತ್ರ) ಲೈಬ್ರರಿಯಲ್ಲಿ ಗ್ರಾಫೀಮ್ ಪ್ರಕಾರ, ಅಂದರೆ ಅಕ್ಷರವನ್ನೂ ಅದಕ್ಕೆ ಅಂಟಿದ ಚಿಹ್ನೆಯನ್ನೂ ಒಂದೇ ತುಂಡಾಗಿ ಹಿಡಿದು, ಬಿಡಿಸಿದೆ. ಗುಣಿತಾಕ್ಷರ ಸರಿಹೋಯಿತು. ಆದರೆ ತ್ರ ಒಡೆದು ತ್, ರ ಆಗಿ, ಒಟ್ಟು 6 ತುಂಡು. ಈಗ ‘ಚಿರ’ ಬರುತ್ತಿದೆ. ಒಳ್ಳೆಯ ಪದವೇ, ಆದರೆ ಮಕ್ಕಳಿಗೆ ತ್ರ ಒಂದೇ ಅಕ್ಷರ ಅಲ್ವಾ?

ಅರ್ಧಾಕ್ಷರವನ್ನು ಪಕ್ಕದ್ದಕ್ಕೆ ಅಂಟಿಸಿಯೂ ನೋಡಿದೆ. ‘ಚಿತ್ರ’ಕ್ಕೆ ಸರಿಯಾಯಿತು, ‘ರಾಷ್ಟ್ರ’ದಲ್ಲಿ ಮಾತ್ರ ಷ್ಟ್ ಒಂದು ಕಡೆ, ರ ಒಂದು ಕಡೆ.

ಎಷ್ಟೇ ಒತ್ತು ಇದ್ದರೂ ಇಡೀ ಒತ್ತಕ್ಷರವನ್ನು ಒಂದೇ ತುಂಡಾಗಿ ಹಿಡಿಯುವ ರೆಜೆಕ್ಸ್ ಹೇಗೆ ಬರೆಯಬೇಕು? ಗೊತ್ತಿರುವವರು ದಯವಿಟ್ಟು ಆ ಸಾಲು ಹಾಕಿ.