ಪದಚರ್ಚೆ: ‘ಡ್ಯುವೊ’ ಅಂದರೆ ಜೋಡಿಯೋ, ಯುಗಳವೋ, ಜುಗಲ್‌ಬಂದಿಯೋ?

ಪ್ರಶ್ನೆ

ನಮಸ್ಕಾರ. ಜಪಾನಿನ ‘ಟಿ-ಸ್ಕ್ವೇರ್’ ಸಂಗೀತ ತಂಡದ ಬಗ್ಗೆ ಕನ್ನಡದಲ್ಲಿ ಒಂದು ಪರಿಚಯ ಲೇಖನ ತಯಾರಾಗುತ್ತಿದೆ. ಮೊದಲ ಸಾಲಿನಲ್ಲೇ ಗಾಡಿ ನಿಂತಿದೆ. ಈಗಿರುವ ಕರಡು ಹೀಗಿದೆ: “ಜಪಾನಿನ ಜಾಝ್ ಸಮ್ಮಿಲನ ವಾದ್ಯಗೋಷ್ಠಿ ಜುಗಲ್‌ಬಂದಿಯಾದ ಟಿ-ಸ್ಕ್ವೇರ್‌ನ ವೃತ್ತಿಜೀವನ”. ಇಂಗ್ಲಿಷಿನ ‘ಡ್ಯುವೊ’ಗೆ ಜುಗಲ್‌ಬಂದಿ, ‘ಫ್ಯೂಷನ್’ಗೆ ಸಮ್ಮಿಲನ ಎಂದು ಹಾಕಿದ್ದು. ಓದಿದರೆ ಏನೋ ಸರಿಯಿಲ್ಲ ಅನಿಸುತ್ತದೆ. ಯಾವ ಪದ ಉಳಿಯಬೇಕು, ಯಾವುದು ಹೋಗಬೇಕು? ತಂಡದವರ ಹೆಸರುಗಳನ್ನು ಇಟೋಹ್, ಆಂಡೋಹ್ ಎಂದೇ ಬರೆಯುವುದೋ? ಬಲ್ಲವರು ತಿಳಿಸಿ.

ಉತ್ತರ

ನಿಮ್ಮ ಸಾಲಿನಲ್ಲಿ ‘ಜಪಾನಿನ’, ‘ಜಾಝ್’ ಎರಡು ಬಿಟ್ಟು ಮಿಕ್ಕಿದ್ದನ್ನೆಲ್ಲ ತೆಗೆಯಬೇಕಾಗುತ್ತದೆ, ಬೇಸರ ಮಾಡಿಕೊಳ್ಳಬೇಡಿ.

ಮೊದಲು ಜುಗಲ್‌ಬಂದಿ. ಅದು ಒಂದು ಕಛೇರಿಯ ಬಗೆ, ತಂಡದ ಬಗೆ ಅಲ್ಲ. ಸಿತಾರಿನವರೂ ಸರೋದಿನವರೂ ಒಂದು ಸಂಜೆ ಎದುರುಬದುರು ಕೂತು ಸರಿಸಮಾನವಾಗಿ ನುಡಿಸಿದರೆ ಜುಗಲ್‌ಬಂದಿ. ಮಾರನೆಯ ದಿನ ಅವರವರ ದಾರಿ ಅವರವರಿಗೆ. ‘ಯುಗಳ’ವೂ ಅಷ್ಟೆ. ಯುಗಳ ಗೀತೆ, ಯುಗಳ ಪಿಟೀಲು ವಾದನ ಅನ್ನುತ್ತೇವೆ, ಅಂದರೆ ಅದು ಹಾಡಿಗೋ ವಾದನಕ್ಕೋ ಅಂಟಿಕೊಳ್ಳುತ್ತದೆ. ಮನುಷ್ಯರಿಗೆ ಅಂಟುವ ಪದ ‘ಜೋಡಿ’: ರಾಜನ್-ನಾಗೇಂದ್ರ ಜೋಡಿ. ಮೈಸೂರು ನಾಗರಾಜ್-ಮಂಜುನಾಥ್ ಅವರನ್ನು ಪಿಟೀಲು ಜೋಡಿ ಎಂದರೆ ಯಾರೂ ತಡವರಿಸುವುದಿಲ್ಲ.

ಹಾಗಾದರೆ ಜೋಡಿ ಎಂದು ಬರೆದು ಮುಗಿಸಬಹುದಲ್ಲ? ಟಿ-ಸ್ಕ್ವೇರ್ ವಿಷಯದಲ್ಲಿ ಆಗುವುದಿಲ್ಲ. ಜೋಡಿ ಎಂದರೆ ಮೊದಲಿನಿಂದಲೂ ಇಬ್ಬರೇ ಇದ್ದವರು ಎಂಬ ಅರ್ಥ ಬಂದುಬಿಡುತ್ತದೆ. ಈ ತಂಡ 1976ರಲ್ಲಿ ಹುಟ್ಟಿ, 1978ರಲ್ಲಿ ‘ದ ಸ್ಕ್ವೇರ್’ ಎಂಬ ಹೆಸರಿನಲ್ಲಿ ಮೊದಲ ಆಲ್ಬಂ ತಂದಾಗ ತುಂಬಿದ ಬ್ಯಾಂಡು. ‘ಟಿ-ಸ್ಕ್ವೇರ್’ ಎಂಬ ಹೆಸರು ಬಂದದ್ದು 1980ರ ದಶಕದ ಕೊನೆಯಲ್ಲಿ. (ಎಂಜಿನಿಯರಿಂಗ್ ಡ್ರಾಯಿಂಗ್ ಕಲಿತವರಿಗೆ ಬೋರ್ಡಿನ ಮೇಲೆ ಜಾರುವ ಆ ಪಟ್ಟಿ ನೆನಪಾಗುತ್ತದೆ. ಹೆಸರನ್ನು ಮಾತ್ರ ಅನುವಾದಿಸಲು ಹೋಗಬೇಡಿ.) ಈ ತಂಡ ಇಬ್ಬರಿಗೆ ಇಳಿದದ್ದು ಎರಡು ಸಲ. 2000ದಲ್ಲಿ ಸ್ಯಾಕ್ಸೋಫೋನಿನ ಇತೋ ಮರಳಿ ಬಂದಾಗ ಅವರೂ ಗಿಟಾರಿನ ಅಂದೋ ಅವರೂ ಇಬ್ಬರೇ. ಕೆಲವು ವರ್ಷಗಳ ಮೇಲೆ ಮತ್ತೆ ಬ್ಯಾಂಡು ತುಂಬಿತು. 2021ರಲ್ಲಿ, ಮೊದಲಿನಿಂದ ಇದ್ದ ಅಂದೋ ಅವರೇ ಬಿಟ್ಟ ಮೇಲೆ ಇತೋ ಮತ್ತು ಡ್ರಮ್ಸ್‌ನ ಬಂದೋ ಉಳಿದರು. ಎರಡೂ ಸಲ ಇಬ್ಬರು ಇದ್ದದ್ದು ಸದಸ್ಯರ ಪಟ್ಟಿಯಲ್ಲಿ. ವೇದಿಕೆಯ ಮೇಲೆ ಬಾಸ್, ಕೀಬೋರ್ಡು ಎಲ್ಲ ಇದ್ದೇ ಇದ್ದವು. ಜಪಾನಿಯಲ್ಲಿ ಇಂಥದ್ದಕ್ಕೆ ‘ಯುನಿಟ್ಟೊ’ ಎಂಬ ಎರವಲು ಪದ ಚಾಲ್ತಿಯಲ್ಲಿದೆ. ಕನ್ನಡದಲ್ಲಿ ‘ಇಬ್ಬರೇ ಸದಸ್ಯರಿದ್ದ ತಂಡ’ ಎಂದು ಬಿಡಿಸಿ ಹೇಳುವುದೇ ಸರಿ. ಪಕ್ಕದಲ್ಲಿ ಇಸವಿ ಇರಲಿ, ಇಂಥ ತಂಡಗಳ ಪಟ್ಟಿ ಬದಲಾಗುತ್ತಲೇ ಇರುತ್ತದೆ.

ಆ ಮಿಕ್ಕ ವಾದಕರನ್ನು ಜಪಾನಿಯಲ್ಲಿ ಸಪೋರ್ಟ್ ಮೆಂಬರ್ ಅನ್ನುತ್ತಾರೆ. ಕನ್ನಡದ ಕೈ ತಾನೇ ‘ಪಕ್ಕವಾದ್ಯದವರು’ ಎಂದು ಬರೆದುಬಿಡುತ್ತದೆ, ಹುಷಾರು. ನಮ್ಮ ಪಕ್ಕವಾದ್ಯ ಎಂಬುದು ಕಛೇರಿಯಲ್ಲಿ ವಾದ್ಯಕ್ಕಿರುವ ಸ್ಥಾನ: ಮೃದಂಗ ಪಕ್ಕವಾದ್ಯ, ಹಾಡುವವರು ಮುಖ್ಯ. 2021ರ ಆ ತಂಡದಲ್ಲಿ ತಾಳವಾದ್ಯ ನುಡಿಸುವ ಬಂದೋ ಇಬ್ಬರು ಸದಸ್ಯರಲ್ಲಿ ಒಬ್ಬರಾಗಿದ್ದರು, ಎಷ್ಟೋ ರಚನೆಗಳೂ ಅವರವೇ. ರಾಗದ ಭಾಗ ನುಡಿಸುವ ಗಿಟಾರಿನವರು ಆಗ ಹೊರಗಿನಿಂದ ಬಂದವರು. ಪಕ್ಕವಾದ್ಯ ಎಂದರೆ ಓದುಗರಿಗೆ ಚಿತ್ರ ತಲೆಕೆಳಗಾಗುತ್ತದೆ. ಧಾರವಾಡದ ಕಡೆ ಪಕ್ಕವಾದ್ಯಕ್ಕೆ ಹೇಳುವ ‘ಸಾಥ್’ಗೂ ಇದೇ ತೊಡಕು. ‘ಅತಿಥಿ ವಾದಕ’ ಎಂದರೆ ಒಂದೆರಡು ಹಾಡಿಗೆ ಬಂದು ಹೋದವರು. ‘ಜೊತೆವಾದಕರು’ ಇರಲಿ ಎಂದು ನನ್ನ ಸಲಹೆ. ಹೊಸದಾಗಿದ್ದರೂ ದಾರಿ ತಪ್ಪಿಸುವುದಿಲ್ಲ.

‘ವಾದ್ಯಗೋಷ್ಠಿ’ಯನ್ನು ಇವತ್ತೇ ತೆಗೆಯಿರಿ. ಗಣೇಶನ ಪೆಂಡಾಲಿನಲ್ಲಿ ಸಿನಿಮಾ ಹಾಡು ಹಾಡುವ ಆರ್ಕೆಸ್ಟ್ರಾ ಅಂತ ಅದರ ಅರ್ಥ ಗಟ್ಟಿಯಾಗಿಬಿಟ್ಟಿದೆ, ಅದರಲ್ಲಿ ಗಾಯಕರೇ ಮುಂದೆ. ಹಾಡುವವರಿಲ್ಲದ್ದು ‘ವಾದ್ಯಸಂಗೀತ’.

‘ಸಮ್ಮಿಲನ’ ಭೌತಶಾಸ್ತ್ರದವರ ಸೊತ್ತು: ವಿದಳನ, ಸಮ್ಮಿಲನ. ‘ಬೆಸುಗೆ’ ಚೆಂದದ ಪದ, ಆದರೆ ಅದಕ್ಕೂ ಜಾಗ ಇದಲ್ಲ. ನಮ್ಮಲ್ಲಿ ಫ್ಯೂಷನ್ ಎಂದರೆ ವೀಣೆಯೋ ಪಿಟೀಲೋ ಡ್ರಮ್ಸ್ ಜೊತೆ ಸೇರಿದ್ದು. ಜಪಾನಿನಲ್ಲಿ ‘ಫ್ಯೂಜೊನ್’ ಎಂಬುದು ಒಂದು ಪ್ರಕಾರದ ಹೆಸರು: ಜಾಝ್‌ನ ಸ್ವರಮೇಳ, ರಾಕ್‌ನ ಲಯ, ಗುನುಗಲು ಬರುವ ರಾಗ, ಮಾತಿಲ್ಲ. ಟಿ-ಸ್ಕ್ವೇರ್‌ನ 1987ರ ರಚನೆ ‘ಟ್ರೂತ್’ ಫುಜಿ ಟಿವಿಯ ಫಾರ್ಮುಲಾ ಒನ್ ಪ್ರಸಾರದ ಶೀರ್ಷಿಕೆ ಸಂಗೀತವಾಗಿ ಮನೆಮಾತಾಯಿತು. ಅದರಲ್ಲಿ ಜಪಾನಿನ ಸಾಂಪ್ರದಾಯಿಕ ವಾದ್ಯ ಯಾವುದನ್ನೂ ಬೆಸೆದಿಲ್ಲ. ಫ್ಯೂಷನ್ ಎಂದೇ ಬರೆದು, ಹೀಗೆ ಒಂದು ಸಾಲಿನ ವಿವರಣೆ ಕೊಡಿ.

ವೃತ್ತಿಜೀವನ ಒಬ್ಬ ಮನುಷ್ಯನಿಗೆ ಸರಿ. ತಂಡಕ್ಕೆ ‘ನಡೆದುಬಂದ ದಾರಿ’.

ಇನ್ನೊಂದು ಉತ್ತರ

ಮೇಲಿನವರು ಹೆಸರುಗಳನ್ನು ಸರಿಯಾಗೇ ಬರೆದಿದ್ದಾರೆ, ಕಾರಣ ಹೇಳಿಲ್ಲ. ಅಷ್ಟನ್ನು ಸೇರಿಸುತ್ತೇನೆ.

ರೋಮನ್ ಲಿಪಿಯಲ್ಲಿ ಅವರ ಹೆಸರಿನ ಕೊನೆಗೆ ಕಾಣುವ ‘ಹ್’ ಉಚ್ಚಾರಕ್ಕಲ್ಲ, ಒ ದೀರ್ಘ ಎಂದು ತೋರಿಸಲು ಹಾಕಿದ ಗುರುತು. ನಮಗೆ ಆ ಕಷ್ಟವೇ ಇಲ್ಲ, ಒ-ಓ ಎರಡೂ ಇವೆ. ಜಪಾನಿಯ ತ, ದ ಹಲ್ಲಿಗೆ ತಾಗುವ ಅಕ್ಷರಗಳು. ಟ, ಡ ಇಲ್ಲ. ಎ, ಒ ಹ್ರಸ್ವವೋ ದೀರ್ಘವೋ ನೋಡಿಕೊಳ್ಳಬೇಕು. ಆದ್ದರಿಂದ ಇತೋ ತಕೆಶಿ, ಬಂದೋ ಸತೊಶಿ, ಅಂದೋ ಮಸಹಿರೊ. ಮನೆತನದ ಹೆಸರು ಮೊದಲು. ಟಿ-ಸ್ಕ್ವೇರ್‌ಗೆ ಮಾತ್ರ ಟ ಇರಲಿ, ಅದು ಇಂಗ್ಲಿಷ್ ಹೆಸರು.

ಇದರಲ್ಲಿ ಎರಡು ಎಡವಟ್ಟು. “ಅಂದೋ ಬಿಟ್ಟರು, ಬಂದೋ ಬಂದರು” ಎಂದು ಬರೆದರೆ ಓದುಗರು ನಗುತ್ತಾರೆ, ಹಾಗಾಗಿ ಪೂರ್ತಿ ಹೆಸರೋ ‘ಅವರು’ ಎಂಬುದೋ ಜೊತೆಗಿರಲಿ. 1990ರ ದಶಕದಲ್ಲಿ ಸ್ಯಾಕ್ಸ್ ನುಡಿಸಿದವರ ಹೆಸರು ನಿಯಮದ ಪ್ರಕಾರ ‘ಹೊಂದ ಮಸತೊ’. ಕಾರು, ಬೈಕಿನಿಂದ ‘ಹೋಂಡಾ’ ಕಣ್ಣಿಗೆ ಒಗ್ಗಿಹೋಗಿದೆ, ‘ಹೊಂದ’ ಎಂದರೆ ಹೊಂದುವುದಿಲ್ಲ ಎಂದೇ ಓದಿಸಿಕೊಳ್ಳುತ್ತದೆ. ಇಲ್ಲಿ ನಿಯಮ ಮುರಿದು ‘ಹೋಂಡಾ ಮಸತೊ’ ಬರೆಯಿರಿ. ಟೋಕಿಯೋ ಎಂದು ಟ ಹಾಕಿ ಬರೆಯುವುದಿಲ್ಲವೇ, ಹಾಗೆ.

ಇನ್ನು ಇತೋ ಅವರು ಸ್ಯಾಕ್ಸ್ ಜೊತೆಗೆ ನುಡಿಸುವ ‘ಈವಿ’ (EWI) ಎಂಬ ಎಲೆಕ್ಟ್ರಾನಿಕ್ ವಾದ್ಯ. ಕೆಲವರು ‘ವಿದ್ಯುತ್ ಸುಷಿರವಾದ್ಯ’ ಎಂದು ಬರೆಯುತ್ತಾರೆ. ಸುಷಿರ ಎಂದರೆ ಟೊಳ್ಳು. ಕೊಳಲಿನಲ್ಲಿ, ನಾಗಸ್ವರದಲ್ಲಿ, ಕದ್ರಿ ಗೋಪಾಲನಾಥರ ಸ್ಯಾಕ್ಸೋಫೋನಿನಲ್ಲಿ ಆ ಟೊಳ್ಳಿನ ಗಾಳಿಯೇ ಮಿಡಿದು ನಾದವಾಗುತ್ತದೆ. ಈವಿಯಲ್ಲಿ ಹಾಗಿಲ್ಲ. ಊದಿದ ಉಸಿರಿನ ಒತ್ತಡವನ್ನು ಒಂದು ಸೆನ್ಸರ್ ಅಳೆಯುತ್ತದೆ. ಬಾಯಿಯ ಕಡಿತವನ್ನು ಇನ್ನೊಂದು ಅಳೆದು ಕಂಪನ ಕೊಡುತ್ತದೆ. ಕೀಲಿಗಳು ಒತ್ತಿದರೆ ಕೆಳಗಿಳಿಯುವುದಿಲ್ಲ, ಬೆರಳು ಸೋಕಿದರೆ ಸಾಕು; ಸ್ಯಾಕ್ಸಿನ ಅಭ್ಯಾಸದಲ್ಲಿ ಕೀಲಿಯ ಮೇಲೆ ಬೆರಳು ಇಟ್ಟುಕೊಂಡೇ ಇರುವವರಿಗೆ ಮೊದಮೊದಲು ಬೇಡದ ಸ್ವರಗಳು ಬರುವುದು ಇದರಿಂದಲೇ. ಎಡಗೈ ಹೆಬ್ಬೆರಳು ಉರುಳೆಗಳ ಮೇಲೆ ಜಾರಿದಂತೆ ಸ್ಥಾಯಿ ಬದಲಾಗುತ್ತದೆ. ನಾದ ಹುಟ್ಟುವುದು ಸಿಂಥಸೈಜರಿನಲ್ಲಿ. ಆದ್ದರಿಂದ ‘ಊದಿ ನುಡಿಸುವ ಸಿಂಥಸೈಜರ್’ ಎನ್ನಿ, ಮುಂದೆ ಬರೀ ಈವಿ.

ಡ್ರಮ್ ಸೋಲೊವನ್ನು ‘ತನಿ ಆವರ್ತನ’ (ಕರ್ನಾಟಕ ಸಂಗೀತದ ಕಛೇರಿಯಲ್ಲಿ ತಾಳವಾದ್ಯದವರಷ್ಟೇ ನುಡಿಸುವ ಭಾಗ) ಎಂದು ಬರೆಯುವ ಆಸೆ ನನಗೂ ಇದೆ. ಆದರೆ ತನಿಗೆ ಮೋಹರಾ, ಕೊರ್ವೆ ಎಂಬ ಲಯವಿನ್ಯಾಸಗಳ ಕಟ್ಟುಪಾಡಿದೆ. ಸೋಲೊ ಇರಲಿ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ವಂದನೆ. ತಿದ್ದಿದ ಸಾಲು ಹೀಗಿದೆ: “ಟಿ-ಸ್ಕ್ವೇರ್ ಜಪಾನಿನ ಜಾಝ್ ಫ್ಯೂಷನ್ ವಾದ್ಯಸಂಗೀತದ ತಂಡ. 1978ರಲ್ಲಿ ಮೊದಲ ಆಲ್ಬಂ ತಂದ ಈ ತಂಡದಲ್ಲಿ, 2021ರಲ್ಲಿ ಗಿಟಾರ್ ವಾದಕ ಅಂದೋ ಮಸಹಿರೊ ಅವರು ಬಿಟ್ಟ ಮೇಲೆ, ಸ್ಯಾಕ್ಸ್ ಮತ್ತು ಈವಿಯ ಇತೋ ತಕೆಶಿ, ಡ್ರಮ್ಸ್‌ನ ಬಂದೋ ಸತೊಶಿ ಇಬ್ಬರೇ ಸದಸ್ಯರಾಗಿ ಉಳಿದರು; ಮಿಕ್ಕ ವಾದ್ಯಗಳಿಗೆ ಜೊತೆವಾದಕರು ಬಂದರು.” ಉದ್ದವಾಯಿತು, ಆದರೆ ಎಲ್ಲೂ ಮುಗ್ಗರಿಸುವುದಿಲ್ಲ. ‘ಜೊತೆವಾದಕರು’ ಒಂದೇ ಪದವೋ, ‘ಜೊತೆ ವಾದಕರು’ ಬಿಡಿಯೋ?